ಅರ್ಧ ಮೊಣಕಾಲು ಬಳಸುವ ವಿಧಾನ

ಟ್ರ್ಯಾಕ್ಟರ್ ಕೊಂಡರೆ ಒಂದು ಪುಸ್ತಕ ಕೊಡುತ್ತಾರೆ. ಎಣ್ಣೆ ಹೊಡೆಯುವ ಪಂಪಿಗೂ ಒಂದು ಚೀಟಿ ಇರುತ್ತದೆ. ಮಿಕ್ಸರಿನ ಡಬ್ಬಿಯಲ್ಲಿ ಹತ್ತು ಭಾಷೆಯ ಹಾಳೆ ಸಿಗುತ್ತದೆ. ಅದರಲ್ಲಿ ಕನ್ನಡ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಶೇಂಗಾ ಚಟ್ನಿ ಆಗಿಹೋಗಿರುತ್ತದೆ. ಆದರೆ ನಮ್ಮ ಅವ್ವನ ಎಡ ಮೊಣಕಾಲಿನೊಳಗೆ ಲೋಹದ ಎರಡು ತುಂಡು, ನಡುವೆ ಪ್ಲಾಸ್ಟಿಕ್ಕಿನ ಒಂದು ಬಿಲ್ಲೆ ಕೂಡಿಸಿ ಮನೆಗೆ ಕಳಿಸಿದಾಗ ನಮ್ಮ ಕೈಗೆ ಬಂದದ್ದು ಒಂದು ಫೈಲು, ಒಂದು ವಾಕರ್, ಒಂದು ಚೀಲ ಗುಳಿಗೆ, ಮತ್ತು ‘ಹುಷಾರಾಗಿ ನೋಡ್ಕೊಳ್ರಿ’ ಎಂಬ ಮಾತು.

ಹುಷಾರಾಗಿ ಅಂದರೆ ಹೆಂಗ? ಅದನ್ನು ಯಾರೂ ಬರೆದುಕೊಡಲಿಲ್ಲ. ಆ ಕೊರತೆ ತುಂಬಲು ಈ ಕೈಪಿಡಿ. ಇದು ನಮ್ಮ ಯಮನೂರಿನಂಥ ಊರಿನಲ್ಲಿ ಬಳಸುವವರಿಗೆ ಮಾತ್ರ. ಅಂದರೆ ಮಳೆಗಾಲದಲ್ಲಿ ಎರಿ ಮಣ್ಣು ಹೆಜ್ಜೆಹೆಜ್ಜೆಗೆ ಕಾಲಿಗೆ ಮೆತ್ತಿ ಚಪ್ಪಲಿಯನ್ನೇ ನುಂಗುವ, ಬೇಸಿಗೆಯಲ್ಲಿ ಅದೇ ಮಣ್ಣು ಬಿರುಕು ಬಿಟ್ಟು ಊರುಗೋಲಿನ ತುದಿಯನ್ನು ನುಂಗುವ ಊರು. ಬೆಂಗಳೂರಿನ ಲಿಫ್ಟ್ ಇರುವ ಮನೆಯವರೂ ಓದಬಹುದು, ಅಡ್ಡಿಯಿಲ್ಲ.

ಹೆಸರಿನ ವಿಚಾರ

ಊರಲ್ಲಿ ಈ ಆಪರೇಶನ್ನಿಗೆ ‘ಚಿಪ್ಪು ಬದಲಿ’ ಅನ್ನುತ್ತಾರೆ. ಚಿಪ್ಪನ್ನು ಯಾರೂ ಮುಟ್ಟಿರುವುದಿಲ್ಲ. ಅದು ಇದ್ದಲ್ಲೇ ಇರುತ್ತದೆ. ಇನ್ನು ಕೆಲವರು ‘ಕೀಲಿನ ಎಣ್ಣಿ ಆರೇತಿ’ ಅನ್ನುತ್ತಾರೆ. ಎಣ್ಣೆಯೂ ಆರಿರುವುದಿಲ್ಲ. ತೊಡೆ ಎಲುಬಿನ ತುದಿಗೂ ಕಾಲೆಲುಬಿನ ತಲೆಗೂ ನುಣ್ಣಗೆ ಬಿಳಿಯ ಮೆದು ಎಲುಬಿನ ಹೊದಿಕೆ ಇರುತ್ತದಲ್ಲ, ಸವೆಯುವುದು ಅದು. ಸವೆದ ಮೇಲೆ ಎಲುಬಿಗೆ ಎಲುಬು ತಿಕ್ಕುತ್ತದೆ. ಆದರೆ ಎಣ್ಣೆಯ ಮಾತು ನಮ್ಮ ಮನೆಯಲ್ಲಿ ಆರು ವರ್ಷ ನಡೆಯಿತು. ಚಾಂಗದೇವರ ದರ್ಗಾದಲ್ಲಿ ಎಣ್ಣೆಯ ಬದಲು ಬೆಣ್ಣಿಹಳ್ಳದ ನೀರಿನಿಂದ ದೀಪ ಉರಿಯುತ್ತದೆ ಎಂದು ನಂಬಿ ಹಿಂದೂ ಮುಸ್ಲಿಮರೆಲ್ಲ ಕೈಮುಗಿಯುವ ಊರು ನಮ್ಮದು. ಎಣ್ಣೆ ಇಲ್ಲದೆ ದೀಪವೇ ನಡೆಯುತ್ತದೆ ಅಂದ ಮೇಲೆ ಮೊಣಕಾಲು ನಡೆಯದೇ ಇದ್ದೀತೇ ಎಂದು ಅವ್ವ ತಳ್ಳುತ್ತಾ ಬಂದಳು.

ಮೊಣಕಾಲಿನೊಳಗೆ ಮೂರು ಕೋಣೆ ಇವೆ. ಒಳಮಗ್ಗುಲಿಗೆ ಒಂದು, ಹೊರಮಗ್ಗುಲಿಗೆ ಒಂದು, ಚಿಪ್ಪಿನ ಹಿಂದೆ ಒಂದು. ಮೂರನ್ನೂ ಕೆರೆದು ಹೊಸದು ಕೂಡಿಸಿದರೆ ಅದು ಪೂರ್ತಿ ಮೊಣಕಾಲು. ಪ್ರಧಾನಿಯಾಗಿದ್ದಾಗ ವಾಜಪೇಯಿಯವರು 2000ದಲ್ಲಿ ಒಂದು ಕಾಲಿಗೆ, 2001ರಲ್ಲಿ ಇನ್ನೊಂದು ಕಾಲಿಗೆ ಮುಂಬೈಯಲ್ಲಿ ಮಾಡಿಸಿಕೊಂಡದ್ದು ಅಂಥದ್ದು. ಮೊಣಕಾಲನ್ನೂ ಬದಲಿ ಮಾಡಬಹುದು ಎಂಬ ಸುದ್ದಿ ನಮ್ಮ ಕಟ್ಟೆಗಳಿಗೆ ಬಂದದ್ದು ಆಗಲೇ. ಒಂದೇ ಕೋಣೆ ಹಾಳಾಗಿದ್ದರೆ ಅದೊಂದನ್ನೇ ರಿಪೇರಿ ಮಾಡಿ, ಉಳಿದ ಎರಡನ್ನೂ ಎಲುಬುಗಳನ್ನು ಬಿಗಿದಿಡುವ ನಡುವಿನ ಹಗ್ಗಗಳನ್ನೂ ಹಾಗೇ ಬಿಡುವುದು ಅರ್ಧ ಮೊಣಕಾಲು. ಲೆಕ್ಕದ ಪ್ರಕಾರ ಇದು ಮೂರರಲ್ಲಿ ಒಂದು. ಆದರೂ ಎಲ್ಲರೂ ಅರ್ಧ ಅನ್ನುತ್ತಾರೆ, ನಾವೂ ಅನ್ನೋಣ.

ಮೆಕ್ಯಾನಿಕ್ ಭಾಷೆಯಲ್ಲಿ ಹೇಳಬೇಕೆಂದರೆ, ಎಂಜಿನ್ ಇಳಿಸುವುದು ಬೇಡ, ಒಂದು ಮಗ್ಗುಲಿನ ಬುಷ್ ಹಾಕಿದರೆ ಸಾಕು. ಅವ್ವನಿಗೆ ಡಾಕ್ಟರು ಅರ್ಧ ತಾಸು ಹೇಳಿದ್ದು ತಿಳಿಯಲಿಲ್ಲ. ಇದೊಂದು ಮಾತು ತಿಳಿಯಿತು.

ಈ ಮಾಲು ಯಾರಿಗೆ ಹೊಂದುತ್ತದೆ

ಎಲ್ಲರಿಗೂ ಅಲ್ಲ. ನಮ್ಮ ಕಡೆ ಒಳಮಗ್ಗುಲಿನ ಕೋಣೆಯೇ ಮೊದಲು ಸವೆಯುವುದು ಹೆಚ್ಚು. ಅದು ಸವೆದಂತೆ ಕಾಲು ಬಿಲ್ಲಿನ ಹಾಗೆ ಹೊರಕ್ಕೆ ಬಾಗುತ್ತದೆ. ನಮ್ಮೂರಿನ ಅರವತ್ತು ದಾಟಿದ ಹೆಂಗಸರು ಸಾಲಾಗಿ ನೀರು ತರುವುದನ್ನು ಹಿಂದಿನಿಂದ ನೋಡಿದರೆ, ಅವರವರ ಕಾಲುಗಳ ನಡುವೆ ಕರು ಹಾದುಹೋಗುವಷ್ಟು ಸಂದು. ಹೆಸರು, ಕಡಲೆ, ಉಳ್ಳಾಗಡ್ಡಿಯ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು, ಕುರ್ಪಿ ಹಿಡಿದು, ಕೂತಲ್ಲೇ ಮುಂದಕ್ಕೆ ಸರಿಯುತ್ತಾ ಕಸ ತೆಗೆದ ಮೊಣಕಾಲು ಅವು. ಮನೆಗೆ ಬಂದರೆ ಒಲೆಯ ಮುಂದೆ ಒಂದು ಮೊಣಕಾಲು ಎತ್ತಿ, ಇನ್ನೊಂದನ್ನು ಮಡಚಿ ಇಪ್ಪತ್ತು ರೊಟ್ಟಿ ಬಡಿಯಬೇಕು. ಗಂಡಸರ ಮೊಣಕಾಲೂ ಸವೆಯುತ್ತವೆ, ಆದರೆ ಹೆಂಗಸರಿಗಿಂತ ಕಡಿಮೆ. ಈ ಮಾತನ್ನು ಕಟ್ಟೆಯ ಮೇಲೆ ಹೇಳಬೇಡಿ.

ಅರ್ಧ ಮೊಣಕಾಲು ಹೊಂದಬೇಕಾದರೆ ಒಂದೇ ಕೋಣೆ ಹಾಳಾಗಿರಬೇಕು, ಒಳಗಿನ ಹಗ್ಗಗಳು, ಅದರಲ್ಲೂ ಮುಂದಿನದು, ಗಟ್ಟಿ ಇರಬೇಕು, ಕಾಲು ಸಾಕಷ್ಟು ಮಡಚಲು ಬರಬೇಕು, ಬಾಗಿದ್ದು ಕೈಯಿಂದ ಒತ್ತಿದರೆ ನೆಟ್ಟಗಾಗಬೇಕು. ಮೈತುಂಬ ಕೀಲು ಬಾಯುವ ರುಮಟಾಯ್ಡ್ ಸಂಧಿವಾತ ಇದ್ದವರಿಗೆ ಇದು ಆಗುವುದಿಲ್ಲ. ಎಕ್ಸ್‌ರೇಯನ್ನು ನಿಂತುಕೊಂಡೇ ತೆಗೆಸಿ. ಮಲಗಿಸಿ ತೆಗೆದರೆ ಕೀಲಿನ ಸಂದು ಅಗಲವಾಗಿ ಕಂಡು ಮೊಣಕಾಲು ಸುಳ್ಳು ಹೇಳುತ್ತದೆ. ಭಾರ ಬಿದ್ದಾಗಲೇ ಅದರ ನಿಜ ಬಣ್ಣ.

ಡಾಕ್ಟರು ಇನ್ನೊಂದು ಪರೀಕ್ಷೆ ಮಾಡುತ್ತಾರೆ, ಅದಕ್ಕೆ ಯಂತ್ರ ಬೇಡ. ‘ಎಲ್ಲಿ ನೋವು ತೋರಸ್ರಿ’ ಅನ್ನುತ್ತಾರೆ. ಒಂದು ಬೆರಳಿಟ್ಟು ಒಳಮಗ್ಗುಲನ್ನು ತೋರಿಸಿದರೆ ಅರ್ಧ ಮೊಣಕಾಲಿನ ಆಸೆ ಉಂಟು. ಅಂಗೈ ಇಟ್ಟು ಇಡೀ ಮೊಣಕಾಲು ಸವರಿದರೆ ಸಾಮಾನ್ಯವಾಗಿ ಪೂರ್ತಿಯ ದಾರಿ. ಅವ್ವ ಮೊದಲು ಸೊಂಟ ತೋರಿಸಿದಳು, ಆಮೇಲೆ ಹಿಮ್ಮಡ ತೋರಿಸಿದಳು, ಆಮೇಲೆ ನನ್ನನ್ನು ತೋರಿಸಿ ‘ಇಂವಾ ದವಾಖಾನಿಗೆ ಕರಕೊಂಡ ಬರಾಕ ಆರ ವರ್ಷ ಮಾಡಿದಾ’ ಅಂದಳು. ಕೊನೆಗೆ ಒಂದು ಬೆರಳು ಸರಿಯಾದ ಜಾಗಕ್ಕೆ ಹೋಯಿತು.

‘ಹಿಂದೆ ಯಾವಾಗಾದ್ರೂ ಮೊಣಕಾಲಿಗೆ ಪೆಟ್ಟು ಬಿದ್ದಿತ್ತೇನು?’ ಎಂದೂ ಕೇಳುತ್ತಾರೆ. ಹಳೆಯ ಪೆಟ್ಟು ಹಗ್ಗವನ್ನು ಹರಿದಿರಬಹುದು, ಅದಕ್ಕೆ. ಯಮನೂರಿನವರಿಗೆ ಈ ಪ್ರಶ್ನೆ ಕೇಳುವ ಡಾಕ್ಟರಿಗೆ ಸ್ವಲ್ಪ ಪುರುಸೊತ್ತು ಇರಬೇಕು. 2016ರ ಜುಲೈ ಕೊನೆಯಲ್ಲಿ ಮಹದಾಯಿ ನ್ಯಾಯಮಂಡಳಿಯ ಮಧ್ಯಂತರ ತೀರ್ಪು ನಮಗೆ ವಿರುದ್ಧವಾಗಿ ಬಂದ ಬೆನ್ನಿಗೆ ನಡೆದ ಗಲಾಟೆಯಲ್ಲಿ, ಪೊಲೀಸರು ನಮ್ಮೂರಿನ ಮನೆಗಳಿಗೇ ನುಗ್ಗಿ ಹೆಂಗಸರು ಮುದುಕರೆನ್ನದೆ ಲಾಠಿ ಬೀಸಿದ್ದನ್ನು ಇಡೀ ನಾಡು ಟಿವಿಯಲ್ಲಿ ನೋಡಿದೆ. ಆ ಉತ್ತರ ಒಂದು ಸಾಲಿನಲ್ಲಿ ಮುಗಿಯುವುದಿಲ್ಲ. ಫೈಲಿನಲ್ಲಿ ಅದಕ್ಕೆ ಜಾಗವೂ ಇರುವುದಿಲ್ಲ.

ಬೆಲೆ ಮತ್ತು ಚಾಸಿ ನಂಬರ್

ಮೊಣಕಾಲಿನ ಬಿಡಿಭಾಗಗಳಿಗೆ ಸರಕಾರ ಬೆಲೆ ಕಟ್ಟಿದ್ದು 2017ರ ಆಗಸ್ಟ್‌ನಲ್ಲಿ. ಹೆಚ್ಚು ಬಳಕೆಯಲ್ಲಿದ್ದ ಕೋಬಾಲ್ಟ್-ಕ್ರೋಮಿಯಂ ಪೂರ್ತಿ ಕೀಲು ಸರಾಸರಿ ₹1,58,324ಕ್ಕೆ ಮಾರಾಟವಾಗುತ್ತಿದ್ದದ್ದು ₹54,720ಕ್ಕೆ ಇಳಿಯಿತು, ತೆರಿಗೆ ಬೇರೆ. ಆಮೇಲೆ ಅದು ಆಗಾಗ ಪರಿಷ್ಕರಣೆ ಆಗುತ್ತಾ ಬಂದಿದೆ. ನೆನಪಿಡಿ, ಇದು ಲೋಹದ ಬೆಲೆ ಮಾತ್ರ. ಕೂಡಿಸುವ ಕೈ, ಕೋಣೆ, ಮಂಚ, ಗುಳಿಗೆ ಎಲ್ಲ ಬೇರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕಾರ್ಡು ಇದ್ದರೆ ಡಾಕ್ಟರ ಕೋಣೆಗಿಂತ ಮೊದಲು ಆಸ್ಪತ್ರೆಯ ಆರೋಗ್ಯಮಿತ್ರರ ಟೇಬಲ್ಲಿಗೆ ಹೋಗಿ. ಯಾವ ಕಾಗದ, ಯಾವ ಆಸ್ಪತ್ರೆಯ ಶಿಫಾರಸು, ಅರ್ಧವೋ ಪೂರ್ತಿಯೋ ಎಂಬುದನ್ನು ಅಲ್ಲೇ ಬಾಯಿಬಿಟ್ಟು ಕೇಳಿ. ಆಪರೇಶನ್ ಆದ ಮೇಲೆ ಕೇಳಿದರೆ ಅವರಿಂದ ಪಾಪ ಏನೂ ಮಾಡಲಾಗುವುದಿಲ್ಲ.

ಒಳಗೆ ಕೂಡಿಸಿದ ತುಂಡುಗಳ ಡಬ್ಬಿಯ ಮೇಲೆ ಕಂಪನಿ, ಅಳತೆ, ಬ್ಯಾಚ್ ನಂಬರ್ ಇರುವ ಸಣ್ಣ ಸ್ಟಿಕ್ಕರುಗಳಿರುತ್ತವೆ. ಅವನ್ನು ಆಸ್ಪತ್ರೆಯ ಫೈಲಿಗೆ ಹಚ್ಚುತ್ತಾರೆ. ನಿಮ್ಮ ಡಿಸ್ಚಾರ್ಜ್ ಕಾಗದಕ್ಕೂ ಒಂದು ಹಚ್ಚಿಸಿಕೊಳ್ಳಿ. ಟ್ರ್ಯಾಕ್ಟರಿನ ಚಾಸಿ ನಂಬರ್ ಬಾಯಿಪಾಠ ಹೇಳುವ ಜನ ನಾವು, ಅವ್ವನ ಕಾಲಿನದು ಗೊತ್ತಿಲ್ಲದಿದ್ದರೆ ಹೆಂಗ? ಹದಿನೈದು ವರ್ಷದ ಮೇಲೆ ಒಳಗಿನ ಬಿಲ್ಲೆ ಬದಲಿಸಬೇಕಾಗಿ ಬಂದರೆ ಬೇಕಾಗುವುದು ಆ ಸ್ಟಿಕ್ಕರೇ.

ಕೂಡಿಸುವ ಮುನ್ನ

ಸಕ್ಕರೆ ಕಾಯಿಲೆ ಇದ್ದರೆ ಹತೋಟಿಗೆ ತನ್ನಿ, ಇಲ್ಲದಿದ್ದರೆ ತಾರೀಖನ್ನೇ ಮುಂದೆ ಹಾಕುತ್ತಾರೆ. ಹಲ್ಲಿನಲ್ಲಿ ಕೀವು, ಬಿರುಕುಬಿಟ್ಟ ಹಿಮ್ಮಡದಲ್ಲಿ ಹುಣ್ಣು, ಉರಿಮೂತ್ರ ಏನೇ ಇದ್ದರೂ ಮೊದಲೇ ವಾಸಿ ಮಾಡಿಸಿ. ಮೈಯೊಳಗೆ ಎಲ್ಲೋ ಒಂದು ಕಡೆ ಇರುವ ಕ್ರಿಮಿ ಹೊಸ ಲೋಹದ ವಾಸನೆ ಹಿಡಿದು ಅಲ್ಲಿಗೇ ಹೋಗಿ ಕೂರುತ್ತದೆ. ಅವ್ವ ಬೆಳಗ್ಗೆ ಹೊಲಕ್ಕೆ ಬರಿಗಾಲಲ್ಲಿ ಹೋಗುವವಳು. ಅವಳ ಹಿಮ್ಮಡ ಬೇಸಿಗೆಯ ಎರಿ ಹೊಲದ ಹಾಗೇ ಇತ್ತು. ಮುಲಾಮು ಹಚ್ಚಿ ಮುಚ್ಚಲು ಮೂರು ವಾರ ಬೇಕಾಯಿತು.

ಮೊಣಕಾಲಿಗೆ ಇಂಜೆಕ್ಷನ್ ಹಾಕಿಸಿಕೊಂಡಿದ್ದರೆ ಮುಚ್ಚಿಡಬೇಡಿ. ಸ್ಟೆರಾಯ್ಡ್ ಹಾಕಿದ ಮೇಲೆ ಸಾಮಾನ್ಯವಾಗಿ ಮೂರು ತಿಂಗಳು ಬಿಟ್ಟು ಆಪರೇಶನ್ ಮಾಡುತ್ತಾರೆ, ಇಲ್ಲದಿದ್ದರೆ ನಂಜು ಏರುವ ಭಯ. ಸಂತೆಯಲ್ಲಿ ಸಿಗುವ, ನಾಲ್ಕೇ ದಿನದಲ್ಲಿ ನೋವು ಮಾಯ ಮಾಡುವ ಪುಡಿಗಳಲ್ಲೂ ಎಷ್ಟೋ ಸಲ ಇರುವುದು ಅದೇ ಸ್ಟೆರಾಯ್ಡ್. ಅವ್ವನ ಸೀರೆಯ ಗಂಟಿನಲ್ಲಿ ಅಂಥ ಎರಡು ಪೊಟ್ಟಣ ಸಿಕ್ಕವು. ‘ಅದು ಬರೇ ಬೇರು’ ಅಂದಳು. ಡಾಕ್ಟರು ಪೊಟ್ಟಣ ಮೂಸಿ ನೋಡಿ ಏನೂ ಅನ್ನದೆ ಡ್ರಾವರಿನೊಳಗೆ ಹಾಕಿಕೊಂಡರು. ರಕ್ತ ತೆಳುವಾಗುವ ಗುಳಿಗೆ, ಬಿಪಿ ಗುಳಿಗೆ ಎಲ್ಲವನ್ನೂ ಚೀಲ ಸಮೇತ ಒಯ್ಯಿರಿ. ಯಾವುದು ನಿಲ್ಲಿಸಬೇಕು, ಯಾವಾಗ ಎಂಬುದನ್ನು ಅವರು ಹೇಳಲಿ, ಚಿಗವ್ವ ಬೇಡ.

ಜೋಡಣೆ

ಇದು ನಿಮ್ಮ ಕೆಲಸವಲ್ಲ. ಹೊರಗೆ ಬಾಕಿನ ಮೇಲೆ ಕೂತಿರಿ. ಸಹಿ ಮಾಡುವಾಗ ಮಾತ್ರ ಒಂದು ಸಾಲು ಓದಿ: ಬಿಚ್ಚಿ ನೋಡಿದಾಗ ಬೇರೆ ಕೋಣೆಯೂ ಸವೆದಿದ್ದರೆ ಪೂರ್ತಿ ಮೊಣಕಾಲನ್ನೇ ಹಾಕಲು ಒಪ್ಪಿಗೆ ಎಂದು ಬರೆದಿರುತ್ತದೆ. ಗಾಬರಿ ಬೀಳಬೇಡಿ. ಮೋಟಾರು ರಿಪೇರಿಯವನು ‘ಬಿಚ್ಚಿದ ಮ್ಯಾಲೆ ಹೇಳ್ತೀನ್ರಿ’ ಅನ್ನುತ್ತಾನಲ್ಲ, ಅದೇ ಪ್ರಾಮಾಣಿಕತೆ ಇದು.

ಸಾಮಾನ್ಯವಾಗಿ ಬೆನ್ನಿಗೆ ಸೂಜಿ ಹಾಕಿ ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ. ಒಂದು ಗೇಣೂ ಇಲ್ಲದ ಗಾಯ, ಒಂದೆರಡು ತಾಸಿನ ಕೆಲಸ. ಎಚ್ಚರ ಇದ್ದವರಿಗೆ ಸಪ್ಪಳ ಕೇಳುತ್ತದೆ. ಅವ್ವ ಹೊರಗೆ ಬಂದ ಮೇಲೆ ಹೇಳಿದ ಮೊದಲ ಮಾತು: ‘ಒಳಗ ಯಾರೋ ಬಾಗಲಾ ಕೂಡ್ಸಾಕತ್ತಿದ್ರೋ ತಮ್ಮಾ.’ ಅವಳ ಅಂದಾಜು ಪೂರ್ತಿ ತಪ್ಪಲ್ಲ. ಗರಗಸ, ಸುತ್ತಿಗೆ, ಅಳತೆಯ ಪಟ್ಟಿ ಎಲ್ಲ ಇರುತ್ತವೆ. ಕೆಲವು ಮಾದರಿಗಳಲ್ಲಿ ಪ್ಲಾಸ್ಟಿಕ್ ಬಿಲ್ಲೆ ಬಿಗಿದಿರುತ್ತದೆ, ಕೆಲವುಗಳಲ್ಲಿ ಹೆಜ್ಜೆಯ ಜೊತೆ ತಾನೂ ಹಿಂದೆ ಮುಂದೆ ಸರಿಯುತ್ತದೆ. ಹೀಗೆ ಸರಿಯುವ ಬಿಲ್ಲೆಯ ಉಪಾಯ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಜಾನ್ ಗುಡ್‌ಫೆಲೋ ಎಂಬ ಡಾಕ್ಟರೂ ಜಾನ್ ಓ’ಕಾನರ್ ಎಂಬ ಎಂಜಿನಿಯರೂ ಕೂಡಿ ಹೂಡಿದ್ದು. ಮೊದಲು ಕೂಡಿಸಿದ್ದು 1976ರಲ್ಲಿ. ಒಬ್ಬ ಡಾಕ್ಟರೂ ಒಬ್ಬ ಮೆಕ್ಯಾನಿಕ್ಕೂ ಒಂದೇ ಕಟ್ಟೆಯ ಮೇಲೆ ಕೂತರೆ ಇಂಥ ಕೆಲಸ ಆಗುತ್ತದೆ.

ಬಹಳ ಸಲ ಲೋಹವನ್ನು ಎಲುಬಿಗೆ ಅಂಟಿಸಲು ಸಿಮೆಂಟು ಬಳಸುತ್ತಾರೆ. ಹೆಸರು ಸಿಮೆಂಟು, ಅದೂ ಒಂದು ಜಾತಿಯ ಪ್ಲಾಸ್ಟಿಕ್ಕೇ. ಕಲಸಿದ ಹತ್ತು ಹದಿನೈದು ನಿಮಿಷದಲ್ಲಿ ಕಲ್ಲಾಗುತ್ತದೆ. ಅವ್ವನನ್ನು ಮಾತಾಡಿಸಲು ಬಂದ ಓಣಿಯ ಗೌಂಡಿ ಇದನ್ನು ಕೇಳಿ ಬಹಳ ಹೊತ್ತು ಯೋಚನೆ ಮಾಡಿ, ‘ಹಂಗಾರ ನೀರ ಹೊಡಿಯೂದ ಬ್ಯಾಡೇನ್ರಿ?’ ಎಂದ. ಬೇಡ. ನೀರು ಹೊಡೆಯುವುದಂತೂ ಬೇಡವೇ ಬೇಡ. ಗಾಯ ಪೂರ್ತಿ ಒಣಗುವತನಕ ಒದ್ದೆ ಮಾಡಬಾರದು.

ಚಾಲೂ ಮಾಡುವುದು

ಅದೇ ದಿನ ಸಂಜೆಗೆ, ಇಲ್ಲವೆ ಮರುದಿನ ಬೆಳಗ್ಗೆ ಎಬ್ಬಿಸಿ ನಿಲ್ಲಿಸುತ್ತಾರೆ. ‘ನಿನ್ನೆ ಕೊಯ್ದಾರ, ಇವತ್ತ ನಡಿ ಅಂತಾರ, ಇವರಿಗೆ ಕರುಳ ಐತೇನು?’ ಎಂದು ಅವ್ವನ ತಂಗಿ ವಾರ್ಡಿನಲ್ಲಿ ಕೂಗಾಡಿದಳು. ಕರುಳು ಇರುವುದಕ್ಕೇ ಎಬ್ಬಿಸುವುದು. ಮಲಗಿದಷ್ಟೂ ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟುವ ಭಯ. ಮಲಗಿದ್ದಾಗಲೂ ಪಾದವನ್ನು ಹೊಲಿಗೆ ಮಶೀನಿನ ಪಾದ ತುಳಿದಂತೆ ಮೇಲೆ ಕೆಳಗೆ ಆಡಿಸುತ್ತಲೇ ಇರಬೇಕು. ಮೊದಲ ಮೂರು ನಾಲ್ಕು ದಿನ ನೋವು ಜೋರು. ಗುಳಿಗೆಯನ್ನು ನೋವು ಬಂದ ಮೇಲೆ ಅಲ್ಲ, ಹೇಳಿದ ಹೊತ್ತಿಗೆ ನುಂಗಿಸಿ.

ಊತಕ್ಕೆ ಬರ್ಫ. ತೆಳ್ಳನೆಯ ಟಾವೆಲ್ಲಿನಲ್ಲಿ ಸುತ್ತಿ, ಒಂದು ಸಲಕ್ಕೆ ಹದಿನೈದು ಇಪ್ಪತ್ತು ನಿಮಿಷ. ಕಾಯಿಸಿದ ಇಟ್ಟಂಗಿ, ಉಪ್ಪಿನ ಗಂಟು, ಬೇವಿನ ಎಣ್ಣೆ, ಎಕ್ಕೆಯ ಎಲೆ ಇವೆಲ್ಲ ಹಳೆಯ ಮೊಣಕಾಲಿನ ಸಾಮಾನು. ಹೊಸದಕ್ಕೆ ಹೊಂದುವುದಿಲ್ಲ.

ಈಗ ಕೌದಿಯ ವಿಷಯ. ಇದು ನಮ್ಮ ಮನೆಯಲ್ಲಿ ಆದ ತಪ್ಪು, ಬೇರೆ ಯಾರ ಮೇಲೂ ಹಾಕುವಂತಿಲ್ಲ. ಮನೆಗೆ ಬಂದ ರಾತ್ರಿ ಅವ್ವ ನರಳಿದಳು. ನನ್ನ ಹೆಂಡತಿ ಅವ್ವನೇ ಹೊಲಿದ ಹಳೆಯ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಮೊಣಕಾಲಿನ ಕೆಳಗೆ ಇಟ್ಟಳು. ಕಾಲು ತುಸು ಮಡಚಿಕೊಂಡು ಆರಾಮವಾಯಿತು. ಅವ್ವ ನಿದ್ದೆ ಹೋದಳು. ಸೊಸೆಗೆ ಆಶೀರ್ವಾದ ಸಿಕ್ಕಿತು. ಮರುದಿನವೂ ಕೌದಿ, ಅದರ ಮರುದಿನವೂ ಕೌದಿ. ಹತ್ತನೇ ದಿನಕ್ಕೆ ಫಿಸಿಯೋಥೆರಪಿಸ್ಟ್ ಹುಡುಗಿ ಅವ್ವನ ಮೊಣಕಾಲಿನ ಹಿಂದೆ ತನ್ನ ಕೈ ತೂರಿಸಿ ನೋಡಿದಳು. ಕೈ ಪೂರ್ತಿ ಹೋಯಿತು. ಹೋಗಬಾರದಿತ್ತು. ಕಾಲು ನೆಟ್ಟಗಾಗುವುದನ್ನೇ ಮರೆತು ಆರಾಮದ ಆಕಾರದಲ್ಲಿ ಬಿಗಿಯತೊಡಗಿತ್ತು. ಆ ಹುಡುಗಿ ಅದೇ ಕೌದಿಯನ್ನು ಎತ್ತಿ ಹಿಮ್ಮಡದ ಕೆಳಗೆ ಇಟ್ಟಳು. ಮೊಣಕಾಲು ಗಾಳಿಯಲ್ಲಿ ತೂಗಿ, ತನ್ನ ಭಾರಕ್ಕೆ ತಾನೇ ಕೆಳಗೆ ಇಳಿಯತೊಡಗಿತು. ಅವ್ವನ ಬಾಯಿಂದ ಬಂದ ಮಾತುಗಳನ್ನು ಕೈಪಿಡಿಯಲ್ಲಿ ಬರೆಯುವಂತಿಲ್ಲ. ಸೂಚನೆ ಇಷ್ಟೇ: ಕೌದಿ ಹಿಮ್ಮಡದ ಕೆಳಗೆ. ಮೊಣಕಾಲಿನ ಕೆಳಗೆ ಎಂದೂ ಬೇಡ.

ಎರಡು ವಾರಕ್ಕೆ ಹೊಲಿಗೆ ತೆಗೆಯುತ್ತಾರೆ. ವಾಕರಿನಿಂದ ಕೋಲಿಗೆ, ಕೋಲಿನಿಂದ ಬರಿಗೈಗೆ ಬರಲು ನಾಲ್ಕಾರು ವಾರ. ಪೂರ್ತಿ ಕೀಲು ಹಾಕಿಸಿಕೊಂಡವರಿಗಿಂತ ಅರ್ಧದವರು ಬೇಗ ಓಡಾಡುತ್ತಾರೆ, ಮಡಚಲೂ ಹೆಚ್ಚು ಬರುತ್ತದೆ. ಒಳಗಿನ ಹಗ್ಗಗಳೆಲ್ಲ ತಮ್ಮವೇ ಇರುವುದರಿಂದ ಕಾಲು ತನ್ನದೇ ಅನ್ನಿಸುತ್ತದೆ. ಗಾಯದ ಹೊರಮಗ್ಗುಲಿಗೆ ಅಂಗೈಯಗಲ ಜಾಗ ಜೋಮು ಹಿಡಿದಂತೆ ಇರುತ್ತದೆ. ಅದು ಕೆಟ್ಟಿಲ್ಲ, ಚರ್ಮದ ಸಣ್ಣ ನರ ಕೊಯ್ದಿರುತ್ತದೆ, ಅಷ್ಟೇ.

ಮೆಟ್ಟಿಲಿಗೆ ಒಂದೇ ಸೂತ್ರ. ಏರುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಶನ್ ಕಾಲು ಮೊದಲು. ಅವ್ವ ಇದನ್ನು ‘ಸ್ವರ್ಗಕ್ಕ ಛಲೋದು, ನರಕಕ್ಕ ಕೆಟ್ಟದ್ದು’ ಎಂದು ನೆನಪಿಟ್ಟುಕೊಂಡಳು. 2023ರ ಜೂನ್‌ನಿಂದ ಹೆಂಗಸರಿಗೆ ಸಾರಿಗೆ ಬಸ್ಸು ಪುಕ್ಕಟೆ ಆಗಿರುವುದರಿಂದ ಹುಬ್ಬಳ್ಳಿಗೆ ಫಿಸಿಯೋಥೆರಪಿಗೆ ಹೋಗಿ ಬರುವ ಖರ್ಚು ಅವಳಿಗೆ ಸೊನ್ನೆ, ನನಗೆ ಮಾತ್ರ ಟಿಕೀಟು. ಆದರೆ ಬಸ್ಸಿನ ಮೊದಲ ಮೆಟ್ಟಿಲು ಮೊಣಕಾಲೆತ್ತರ. ಕಂಡಕ್ಟರಿಗೆ ಮುಂಚೆ ಹೇಳಿ, ಬಸ್ಸನ್ನು ಕಟ್ಟೆಗೆ ಒತ್ತಿ ನಿಲ್ಲಿಸಿದರೆ ಅರ್ಧ ಸಮಸ್ಯೆ ಮುಗಿಯಿತು. ಹೆಚ್ಚಿನವರು ನಿಲ್ಲಿಸುತ್ತಾರೆ. ಬೆಣ್ಣಿಹಳ್ಳ ತುಂಬಿ ಬರುವ ತಿಂಗಳಲ್ಲಿ ಮಾತ್ರ ಆಪರೇಶನ್ ಇಟ್ಟುಕೊಳ್ಳಬೇಡಿ. ಹಳ್ಳಕ್ಕೆ ಹೊಲಿಗೆ ತೆಗೆಸುವ ತಾರೀಖು ಗೊತ್ತಿರುವುದಿಲ್ಲ.

ಮಾತಾಡಿಸಲು ಬರುವವರು

ಬರುತ್ತಾರೆ. ಬಿಸ್ಕೀಟು, ಬಾಳೆಹಣ್ಣು, ಒಂದೊಂದು ಸಲಹೆ ತರುತ್ತಾರೆ. ಬಿಸ್ಕೀಟು ಮೊಮ್ಮಕ್ಕಳಿಗೆ, ಬಾಳೆಹಣ್ಣು ಆಕಳಿಗೆ, ಸಲಹೆ ಯಾರಿಗೂ ಬೇಡ. ‘ನಮ್ಮ ಬೀಗರ ಊರಾಗ ಒಬ್ರು ಮಾಡಿಸಿಕೊಂಡಿದ್ರು, ಮತ್ತ ಏಳಲೇ ಇಲ್ಲ’ ಎಂಬ ಕಥೆ ದಿನಕ್ಕೆ ಒಂದಾದರೂ ಬರುತ್ತದೆ. ಯಾವ ಊರು ಎಂದು ಕೇಳಿ. ಹೇಳುವುದಿಲ್ಲ. ಗಾಯದ ಪಟ್ಟಿ ಎತ್ತಿ ನೋಡಲು ಯಾರಿಗೂ ಬಿಡಬೇಡಿ, ಅಣ್ಣನ ಹೆಂಡತಿಗೂ ಬೇಡ.

ಅಂಟಿನ ಉಂಡಿಯದು ದೊಡ್ಡ ಪ್ರಕರಣ. ಎಲುಬಿಗೆ ಬಲ ಬರಲಿ ಎಂದು ಮೂರು ಮನೆಯಿಂದ ಡಬ್ಬಿ ಬಂದವು. ತುಪ್ಪ, ಬೆಲ್ಲ, ಕೊಬ್ಬರಿ, ಉತ್ತತ್ತಿ. ನಮ್ಮ ಕಡೆಯ ಉಂಡಿಗೆ ಸಮನಿಲ್ಲ, ಅದು ಬೇರೆ ಮಾತು. ಆದರೆ ಅವ್ವನ ಮೊಣಕಾಲಿಗೆ ಅಂಟು ಡಾಕ್ಟರು ಹಾಕಿದ್ದಾರೆ, ಉಂಡಿಯ ಅಂಟು ಹೋಗುವುದು ಹೊಟ್ಟೆಗೆ. ಮೈತೂಕ ಒಂದು ಕಿಲೋ ಇಳಿದರೆ ನಡೆಯುವಾಗ ಹೆಜ್ಜೆಹೆಜ್ಜೆಗೂ ಮೊಣಕಾಲಿನ ಮೇಲಿನ ಭಾರ ನಾಲ್ಕು ಕಿಲೋದಷ್ಟು ಇಳಿಯುತ್ತದೆ. ಏರಿದರೂ ಅದೇ ಲೆಕ್ಕ. ಇದನ್ನು ಹೇಳಿದ್ದಕ್ಕೆ ಅವ್ವ ‘ಹಂಗಾರ ದಿನಕ್ಕ ಒಂದ’ ಎಂದು ಚೌಕಾಸಿ ಮಾಡಿದಳು. ತಲೆದಿಂಬಿನ ಹಿಂದೆ ಇನ್ನೊಂದು ಡಬ್ಬಿ ಇತ್ತು ಎಂಬುದು ಆಮೇಲೆ ತಿಳಿಯಿತು.

ಕೆಂಪು ದೀಪ

ಟ್ರ್ಯಾಕ್ಟರಿನಲ್ಲಿ ಎಣ್ಣೆ ಕಡಿಮೆಯಾದರೆ ಕೆಂಪು ದೀಪ ಹತ್ತುತ್ತದೆ. ಇಲ್ಲಿ ದೀಪ ಇಲ್ಲ, ನೀವೇ ನೋಡಬೇಕು. ಮೀನಖಂಡ ಬಾತು ಗಟ್ಟಿಯಾಗಿ ನೋಯುವುದು, ಎದೆನೋವು, ಒಮ್ಮೆಲೇ ಉಬ್ಬಸ, ಗಾಯದಿಂದ ನೀರೋ ಕೀವೋ ಇಳಿಯುವುದು, ಚಳಿಜ್ವರ, ನಡೆಯುತ್ತಿದ್ದ ಕಾಲಿಗೆ ಒಮ್ಮೆಲೇ ಭಾರ ಕೊಡಲು ಆಗದಿರುವುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ, ರಾತ್ರಿಯೇ ಗಾಡಿ ಹೂಡಿ. ಊರಿನ ಡಾಕ್ಟರಲ್ಲಿ ಎರಡು ಇಂಜೆಕ್ಷನ್ ಹಾಕಿಸಿ ಮುಚ್ಚಿಹಾಕುವ ರೋಗ ಇದಲ್ಲ.

ಜಾತ್ರೆ

ಹೋಳಿ ದಾಟಿದ ಮೇಲೆ ಊರಿಗೆ ಜನ ಬಂದು ಬೀಳುತ್ತಾರೆ. ಬೆಣ್ಣಿಹಳ್ಳದಲ್ಲಿ ಮಿಂದರೆ ಚರ್ಮದ ರೋಗ ಹೋಗುತ್ತದೆ ಎಂಬ ನಂಬಿಕೆ. ನಂಬಿಕೆಯ ಬಗ್ಗೆ ಈ ಕೈಪಿಡಿಗೆ ತಕರಾರಿಲ್ಲ. ಹಸಿ ಗಾಯ ಹಳ್ಳಕ್ಕೆ ಇಳಿಯಬಾರದು, ಅಷ್ಟು ಮಾತ್ರ. ಮೊಣಕಾಲು ಗುಣವಾದರೆ ದೀಡ ನಮಸ್ಕಾರ ಹಾಕುತ್ತೇನೆ ಎಂದು ಅವ್ವ ಬೇಡಿಕೊಂಡಿದ್ದಳು. ಅಂದರೆ ಮೊಣಕಾಲು ಸರಿಯಾದ ಖುಷಿಗೆ, ಆ ಮೊಣಕಾಲನ್ನೇ ನೆಲಕ್ಕೆ ಹಚ್ಚಿ ಎದ್ದು ಬಿದ್ದು ಹೋಗುವುದು. ಡಾಕ್ಟರಿಗೆ ಹೇಳಿದೆ. ಅವರು ತಲೆಯ ಮೇಲೆ ಕೈ ಇಟ್ಟುಕೊಂಡರು. ಮೊಣಕಾಲೂರಿದರೆ ಲೋಹ ಒಡೆಯುವುದಿಲ್ಲ, ಆದರೆ ಆ ಜಾಗ ಬಹಳ ದಿನ ಚುಚ್ಚುತ್ತದೆ. ನೂರು ಸಲ ಅಂತೂ ಬೇಡ. ಕೊನೆಗೆ ಹರಕೆಯನ್ನು ಸೊಸೆಗೆ ವರ್ಗ ಮಾಡುವ ಮಾತು ಬಂತು. ಸೊಸೆ ತನ್ನ ಮೊಣಕಾಲು ತೋರಿಸಿದಳು, ಒಂದು ಬೆರಳಿಟ್ಟು. ಅವ್ವ ಒಂದು ಸೇರು ಸಕ್ಕರೆ ಓದಿಸಿ ಮುಗಿಸಿದಳು.

ಗ್ಯಾರಂಟಿ

ಬರೆದುಕೊಡುವುದಿಲ್ಲ. ಬೇರೆ ದೇಶಗಳಲ್ಲಿ ವರ್ಷವರ್ಷ ಇಟ್ಟ ಲೆಕ್ಕದ ಪ್ರಕಾರ ಹತ್ತು ವರ್ಷಕ್ಕೆ ಸುಮಾರು ಹತ್ತರಲ್ಲಿ ಒಂಬತ್ತು ಅರ್ಧ ಮೊಣಕಾಲುಗಳು ನಡೆಯುತ್ತಿರುತ್ತವೆ. ಪೂರ್ತಿ ಕೀಲು ಇದಕ್ಕಿಂತ ತುಸು ಹೆಚ್ಚು ಬಾಳಿಕೆ. ಅರ್ಧದ್ದು ಕೆಟ್ಟರೆ ಪೂರ್ತಿ ಹಾಕಲು ದಾರಿ ಉಳಿದಿರುತ್ತದೆ. ಉಳಿದ ಎರಡು ಕೋಣೆ ಮುಂದೆ ಸವೆಯುವುದಿಲ್ಲ ಎಂದು ಯಾರೂ ಹೇಳುವುದಿಲ್ಲ. ಕುರ್ಪಿ ಹಿಡಿದು ಮತ್ತೆ ಕುಕ್ಕರಗಾಲಲ್ಲಿ ಕೂತರೆ ಗ್ಯಾರಂಟಿ ರದ್ದು.

ಡಬ್ಬಿಯಲ್ಲಿ ಇರದ ಸಾಮಾನು

ಆಟಿಕೆಯ ಡಬ್ಬಿಯ ಮೇಲೆ ‘ಬ್ಯಾಟರಿ ಪ್ರತ್ಯೇಕ’ ಎಂದು ಬರೆದಿರುತ್ತದಲ್ಲ, ಅದು ಈ ಭಾಗ. ಇದನ್ನು ಮೊದಲೇ ಹಾಕಬೇಕಿತ್ತು. ಆದರೆ ನಮಗೂ ಕೊನೆಗೇ ತಿಳಿದದ್ದು.

ಡಾಕ್ಟರು ಮೊಣಕಾಲಿನ ಒಂದು ಕೋಣೆ ಸರಿಮಾಡುತ್ತಾರೆ. ಮನೆಯ ಕೋಣೆಗಳು ಹಾಗೇ ಇರುತ್ತವೆ. ನಮ್ಮದು ಹಳೆಯ ಮನೆ. ಮುಂದೆ ದನ ಕಟ್ಟುವ ದಂದಕ್ಕಿ, ಅಲ್ಲಿಂದ ಪಡಸಾಲೆಗೆ ಮೊಣಕಾಲೆತ್ತರದ ಒಂದೇ ಕಟ್ಟೆ, ಪ್ರತಿ ಬಾಗಿಲಿಗೂ ಗೇಣೆತ್ತರದ ಹೊಸ್ತಿಲು, ನೆಲಕ್ಕೆ ಪರಸಿ. ಮಲಗುವುದು ನೆಲದ ಮೇಲೆ, ಉಣ್ಣುವುದು ನೆಲದ ಮೇಲೆ, ರೊಟ್ಟಿ ನೆಲದ ಮೇಲೆ. ಮಂಚ ಬಂತು, ಎರಡು ಕುರ್ಚಿ ಬಂದವು, ಒಲೆಯನ್ನು ಕಟ್ಟೆಯ ಮೇಲೆ ಏರಿಸಿದೆವು. ಅವ್ವ ನಿಂತು ರೊಟ್ಟಿ ಬಡಿಯಲು ಒಪ್ಪಲಿಲ್ಲ. ನಿಂತು ಬಡಿದರೆ ರೊಟ್ಟಿ ಉಬ್ಬುವುದಿಲ್ಲವಂತೆ. ಈಗ ಸೊಸೆ ಬಡಿಯುತ್ತಾಳೆ, ಉಬ್ಬುತ್ತವೆ. ಅವ್ವ ಕುರ್ಚಿಯ ಮೇಲೆ ಕೂತು ತಪ್ಪು ಹುಡುಕುತ್ತಾಳೆ.

ಮರೆತದ್ದು ಸಂಡಾಸ. ಸ್ವಚ್ಛ ಭಾರತದ ₹12,000ಕ್ಕೆ ನಮ್ಮದನ್ನೂ ಸೇರಿಸಿ ಹಿತ್ತಲಲ್ಲಿ ಕಟ್ಟಿಸಿದ್ದೆವು. ಬಯಲಿಗೆ ಹೋಗುವುದು ತಪ್ಪಿತು ಎಂದು ಅವ್ವ ಅದಕ್ಕೆ ಕುಂಕುಮ ಹಚ್ಚಿದವಳು. ಒಳಗೆ ಕುಕ್ಕರಗಾಲಲ್ಲಿ ಕೂರುವ ಬೇಸಿನ್. ಆಸ್ಪತ್ರೆಯಿಂದ ಬಂದ ಮರುದಿನ ನಸುಕಿನ ಐದು ಗಂಟೆಗೆ ಅವ್ವ ವಾಕರ್ ಹಿಡಿದು ಅದರ ಬಾಗಿಲತನಕ ಹೋಗಿ, ಒಳಗೆ ನೋಡಿ, ತಿರುಗಿ ನನ್ನನ್ನು ನೋಡಿದಳು. ಏನೂ ಅನ್ನಲಿಲ್ಲ. ಐವತ್ತು ವರ್ಷದ ಮಗನಿಗೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಆ ದಿನ ಒಂದು ಪ್ಲಾಸ್ಟಿಕ್ ಕುರ್ಚಿಯ ನಡುವೆ ಕಾಯಿಸಿದ ಕುಡುಗೋಲಿನಿಂದ ತೂತು ಕೊಯ್ದೆ. ಅಂಚು ಗರಗಸದಂತೆ ಆಯಿತು, ಹಳೆಯ ಸೈಕಲ್ ಟ್ಯೂಬು ಸೀಳಿ ಸುತ್ತಿದೆ. ಒದ್ದೆ ಟೈಲ್ಸಿನ ಮೇಲೆ ಅದರ ಕಾಲು ನಾಲ್ಕು ದಿಕ್ಕಿಗೆ ಜಾರತೊಡಗಿದವು. ಎರಡು ಕೈಯಿಂದ ಕುರ್ಚಿ ಹಿಡಿದು, ಮುಖ ಗೋಡೆಗೆ ಮಾಡಿ ನಿಂತೆ. ನಾಲ್ಕು ದಿನ ಹೀಗೆ. ಐದನೇ ದಿನ ಅದೇ ಗೌಂಡಿ ಬಂದು, ಬೇಸಿನ್ ಒಡೆದು, ಕಮೋಡ್ ಕೂಡಿಸಿ, ಗೋಡೆಗೆ ಎರಡು ಕಡೆ ಹಿಡಿಯಲು ಪೈಪು ಹಾಕಿ, ಪಡಸಾಲೆಯ ಕಟ್ಟೆಗೆ ನಡುವೆ ಎರಡು ಮೆಟ್ಟಿಲು ಕಟ್ಟಿದ. ಅವನ ಸಿಮೆಂಟಿಗೆ ಮಾತ್ರ ಏಳು ದಿನ ನೀರು ಹೊಡೆಯಬೇಕಾಯಿತು. ಆ ಏಳು ದಿನ ಅವ್ವ ಒಣ ಕಟ್ಟೆ, ಒದ್ದೆ ಮೆಟ್ಟಿಲು ನೋಡುತ್ತಾ ಪಡಸಾಲೆಯಲ್ಲೇ ಕೂತಳು.

ಆದ್ದರಿಂದ ಓದುಗರಲ್ಲಿ ವಿನಂತಿ: ಡಾಕ್ಟರ ಕಡೆ ಆಪರೇಶನ್ ತಾರೀಖು ಕೇಳುವ ಮುಂಚೆ ಗೌಂಡಿಯ ತಾರೀಖು ಹಿಡೀರಿ.